‘ಚೆನ್ನಾಗಿದ್ದೇನೆ’ ಎಂದ ಮಗುವಿನ ಕಾಲುಚೀಲ ತೆಗೆಯದವರಿಗೆ

ಯುದ್ಧ ಗಾಯಾಳುಗಳ ವೈದ್ಯಕೀಯ ಸಮಿತಿಯ ಅಧ್ಯಕ್ಷರಿಗೆ

ಮಾನ್ಯರೇ,

ನನ್ನ ಮೊಮ್ಮಗಳ ಕತ್ತರಿಸಿದ ಕಾಲಿನ ತುದಿಯಲ್ಲಿ ಎಲುಬು ಚೂಪಾಗಿ ಬೆಳೆದು, ಚರ್ಮ ಹರಿದುಕೊಂಡು ಹೊರಗೆ ಬಂದಿದೆ. ಅದಕ್ಕೆ ಶಸ್ತ್ರಚಿಕಿತ್ಸೆ ಬೇಕಾಗಿಲ್ಲವೆಂದು ನೀವು ಎರಡು ಸಲ ಸಹಿ ಹಾಕಿದ್ದೀರಿ.

ವಿಷಯವನ್ನು ಮೊದಲ ವಾಕ್ಯದಲ್ಲೇ ಹೇಳಿ ಮುಗಿಸಿದ್ದಕ್ಕೆ ಕಾರಣವಿದೆ. ನಾನು ಮೋಸುಲ್‌ನ ನ್ಯಾಯಾಲಯದ ಎದುರು ಕೊಡೆ ನೆಟ್ಟು, ಹಲಗೆಯ ಮೇಜು ಹಾಕಿಕೊಂಡು, ಜನರಿಗೆ ಅರ್ಜಿ ಬರೆದುಕೊಟ್ಟು ಮುದುಕನಾದವನು. ಅಕ್ಷರ ಬಾರದವರಿಗೆ ಬರೆದಿದ್ದೇನೆ, ಅಕ್ಷರ ಬಂದರೂ ಸರ್ಕಾರದ ಭಾಷೆ ಬಾರದ ಪದವೀಧರರಿಗೂ ಬರೆದಿದ್ದೇನೆ. ಅಧಿಕಾರಿಗಳು ಅರ್ಜಿಯ ಮೊದಲ ಸಾಲು ಮತ್ತು ಕೊನೆಯ ಸಾಲು ಮಾತ್ರ ಓದುತ್ತಾರೆ, ನಡುವಿನದ್ದು ಅರ್ಜಿದಾರನ ಸಮಾಧಾನಕ್ಕೆ ಎಂಬುದು ಈ ಕಸುಬು ನನಗೆ ಕಲಿಸಿದ ಮೊದಲ ಪಾಠ. ಆದ್ದರಿಂದ ನಿಮಗೆ ಅವಸರವಿದ್ದರೆ ಈಗಲೇ ಕೊನೆಯ ಸಾಲಿಗೆ ಹೋಗಬಹುದು. ನಡುವಿನದ್ದನ್ನು ಊರಿನವರು ಓದಿಕೊಳ್ಳುತ್ತಾರೆ. ಪತ್ರಿಕೆಯವರು ಅಚ್ಚು ಹಾಕಲು ಹೆದರಿದರೆ ನನ್ನ ಕೊಡೆಯ ಕಡ್ಡಿಗೆ ಕಟ್ಟಿ ನೇತು ಹಾಕುತ್ತೇನೆ. ಅಲ್ಲಿ ದಿನಾ ಸಾಲು ನಿಲ್ಲುವವರಿಗೆ ಓದಲು ಏನಾದರೂ ಬೇಕೇ ಬೇಕು.

‘ತಮ್ಮ ಹೊಸ್ತಿಲಿನ ಧೂಳು ನಮ್ಮ ಕಣ್ಣಿಗೆ ಕಾಡಿಗೆ’, ‘ತಮ್ಮ ನೆರಳು ನಮ್ಮ ತಲೆಯ ಮೇಲೆ ಚಿರಕಾಲ ಇರಲಿ’ ಎಂಬಂಥ ಸಾಲುಗಳನ್ನು ನಿಮ್ಮ ಕಚೇರಿಗೆ ಬರುವ ಅರ್ಜಿಗಳಲ್ಲಿ ನೀವು ಓದಿ ಹಿಗ್ಗಿರಬಹುದು. ಅವುಗಳಲ್ಲಿ ಅರ್ಧದಷ್ಟು ನನ್ನ ಕೈಬರಹವೇ. ಇವತ್ತು ಆ ಸರಕು ನನ್ನ ಅಂಗಡಿಯಲ್ಲಿಲ್ಲ. ನನಗೆ ಕೋಪ ಬಂದಿದೆ, ಆದರೂ ಅಕ್ಷರ ದುಂಡಗಿರಲಿ ಎಂದು ನಿಧಾನವಾಗಿ ಬರೆಯುತ್ತಿದ್ದೇನೆ.

ನನ್ನ ಮೊಮ್ಮಗಳ ಹೆಸರು ರಫಲ್. ನನ್ನ ಮಗಳು ಶಹ್ಲಾಳ ಮಗಳು. ಈಗ ಒಂಬತ್ತು ವರ್ಷ. ಯುದ್ಧ ಮುಗಿಯಿತು ಎಂದು ನೀವೆಲ್ಲ ರೇಡಿಯೋದಲ್ಲಿ ಸಾರಿದ ಮೇಲೆ, ಮನೆಗೆ ಹಿಂದಿರುಗಿ ಎಂದು ನೀವೇ ಕರೆದ ಮೇಲೆ, ನಾವು ಹಳೆಯ ಪೇಟೆಯ ನಮ್ಮ ಮುರುಕು ಮನೆಗೆ ಹಿಂದಿರುಗಿದೆವು. ಹಿತ್ತಿಲಿನ ಬಿದ್ದ ಗೋಡೆಯ ಕೆಳಗೆ ಯಾರೋ ಬಿಟ್ಟುಹೋದದ್ದು ಏನೋ ಇತ್ತು. ನಾಲ್ಕು ವರ್ಷದ ಮಗು ಬೆಕ್ಕಿನ ಹಿಂದೆ ಓಡಿತು. ಬೆಕ್ಕು ಉಳಿಯಿತು. ರಫಲ್‌ಳ ಬಲಗಾಲು ಮೊಣಕಾಲಿನ ಕೆಳಗೆ ಹೋಯಿತು. ಅವಳ ಅಪ್ಪ ಘಾನಿಮ್ ಹೆದ್ದಾರಿಯಲ್ಲಿ ಟ್ಯಾಂಕರ್ ಓಡಿಸುತ್ತಾನೆ, ವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ಆ ವಾರ ಬಂದಾಗ ಮಗಳು ಆಸ್ಪತ್ರೆಯಲ್ಲಿದ್ದಳು. ಆಗ ನಿಮ್ಮ ಸಮಿತಿ ಒಳ್ಳೆಯ ಕೆಲಸ ಮಾಡಿತು. ಶಸ್ತ್ರಚಿಕಿತ್ಸೆ ಮಾಡಿಸಿತು, ಕೃತಕ ಕಾಲು ಕೊಟ್ಟಿತು. ಅದನ್ನು ನಾನು ಮರೆತಿಲ್ಲ. ಆಮೇಲೆ ನೀವು ಕೈ ತೊಳೆದುಕೊಂಡದ್ದನ್ನೂ ಮರೆತಿಲ್ಲ.

ಆ ಕಾಲು ಹಾಕಿಕೊಂಡು ಅವಳು ನಡೆದಳು, ಓಡಿದಳು, ಬೀದಿಯಲ್ಲಿ ಕುಂಟಬಿಲ್ಲೆ ಆಡಿದಳು. ನಮ್ಮ ಓಣಿಯಲ್ಲಿ ಆ ಆಟದಲ್ಲಿ ಅವಳನ್ನು ಸೋಲಿಸಿದವರಿಲ್ಲ. ಸೋತು ಮುಖ ಊದಿಸಿಕೊಂಡ ಹುಡುಗಿಯರಿಗೆ, “ಎರಡು ಕಾಲಿರೋದೇ ನಿಮಗೆ ತೊಂದ್ರೆ ಕಣ್ರೇ. ಒಂದನ್ನ ಎತ್ತಿ ಹಿಡ್ಕೊಳ್ಳೋಕೇ ಸುಸ್ತಾಗ್ತೀರ” ಎಂದು ಹಂಗಿಸುತ್ತಿದ್ದಳು. ಮೊದಲ ಸಲ ಅದನ್ನು ಕೇಳಿ ನನ್ನ ಮಗಳು ಒಳಗೆ ಹೋಗಿ ಅತ್ತಳು. ನನ್ನ ಹೆಂಡತಿ ಸಬೀಹಾ ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ಎರಡನ್ನೂ ಮಾಡಿದೆ.

ಎರಡು ವರ್ಷ ಕಳೆಯುವಷ್ಟರಲ್ಲಿ ಕಾಲಿನ ತುದಿಯಲ್ಲಿ ಏನೋ ಚುಚ್ಚುತ್ತದೆ ಎನ್ನತೊಡಗಿದಳು. ಆಗ ಊರಿನಲ್ಲಿದ್ದ ಪರದೇಶದ ವೈದ್ಯರ ತಂಡ ಅದನ್ನು ಕತ್ತರಿಸಿ ಸರಿ ಮಾಡಿತು. ಆ ತಂಡ ಈಗ ಬೇರೆ ಯಾವುದೋ ಯುದ್ಧಕ್ಕೆ ಹೋಗಿದೆ. ಈ ವರ್ಷ ಮತ್ತೆ ಅದೇ ಚುಚ್ಚು, ಅದೇ ಊತ. ನಮ್ಮ ಸರ್ಕಾರಿ ಆಸ್ಪತ್ರೆಯ ಎಲುಬಿನ ಶಸ್ತ್ರವೈದ್ಯ ಡಾಕ್ಟರ್ ಮುಯಸ್ಸರ್ ಹತ್ತಿರ ಕರೆದುಕೊಂಡು ಹೋದೆವು. ಆತ ನಿಮ್ಮ ಹಾಗೆ ಕುರ್ಚಿಯಲ್ಲಿ ಕೂತು ಕೇಳಲಿಲ್ಲ. ನೆಲದ ಮೇಲೆ ಕೂತ, ಕತ್ತರಿಸಿದ ಕಾಲಿಗೆ ಹಾಕಿದ್ದ ಕಾಲುಚೀಲ ತೆಗೆದ, ಬೆರಳಿನಿಂದ ಸವರಿ ನೋಡಿದ. ಆಮೇಲೆ ನನ್ನ ಕಡೆ ತಿರುಗಿ ಹೇಳಿದ:

“ಹಾಜಿ, ದೊಡ್ಡವರ ಕಾಲು ಕತ್ತರಿಸಿದ್ರೆ ಅಲ್ಲಿಗೆ ಮುಗೀತು. ಮಕ್ಕಳದ್ದು ಹಾಗಲ್ಲ. ಪಾದ ಹೋಗಿದೆ ಅಂತ ಎಲುಬಿಗೆ ಗೊತ್ತೇ ಇರಲ್ಲ. ತುದೀಲಿ ಹೊಸ ಎಲುಬು ಕಟ್ಕೊಂಡು ಚೂಪಾಗ್ತಾ ಹೋಗುತ್ತೆ. ಚರ್ಮ ಎಷ್ಟು ಅಂತ ತಡೀಬೇಕು?”

“ಹಾಗಾದ್ರೆ ಏನ್ ಮಾಡೋದು ಡಾಕ್ಟ್ರೇ?”

“ಚೂಪಾಗಿರೋದನ್ನ ಕತ್ತರಿಸಿ ತೆಗೀಬೇಕು. ಬರೀ ಕತ್ತರಿಸಿದ್ರೆ ಮತ್ತೆ ಬರುತ್ತೆ, ಹೋದ ಸಲ ಆಗಿದ್ದು ಅದೇ. ಅವಳ ಸೊಂಟದ ಎಲುಬಿನ ಅಂಚಿಂದ, ಮೆದು ಎಲುಬು ಸಮೇತ ಒಂದು ಚೂರು ತೆಗೆದು, ಕತ್ತರಿಸಿದ ತುದಿಗೆ ಮುಚ್ಚಳದ ಹಾಗೆ ಕೂರಿಸ್ತೀನಿ. ಹಾಗೆ ಮಾಡಿದ್ರೆ ಸಾಮಾನ್ಯವಾಗಿ ಚೂಪಾಗಲ್ಲ. ನೂರಕ್ಕೆ ನೂರು ಅಂತ ಮಾತು ಕೊಡಲ್ಲ, ಅವಳು ಬೆಳೆದು ನಿಲ್ಲೋವರೆಗೂ ನೋಡ್ತಾನೇ ಇರ್ಬೇಕು. ಆದ್ರೆ ಚರ್ಮ ಒಡೆಯೋಕೆ ಮುಂಚೆ ಮಾಡ್ಬೇಕು.”

ರಫಲ್ ಕೇಳಿದಳು: “ಸೊಂಟದ ಎಲುಬು ತೆಗೆದ್ರೆ ನಂಗೆ ಅಲ್ಲಿ ಕಮ್ಮಿ ಆಗಲ್ವಾ?”

“ನಿಂಗೆ ಅಲ್ಲಿ ಬೇಕಾದಷ್ಟಿದೆ ಬಿಡು, ಕೂತಲ್ಲಿ ಕೂರಲ್ಲ ನೀನು” ಎಂದ ಡಾಕ್ಟರ್. ಇಬ್ಬರೂ ನಕ್ಕರು. ನಮಗೆ ಬೇಕಾದ ವೈದ್ಯ ಇದ್ದ, ಅವನ ಹತ್ತಿರ ಚಾಕು ಇತ್ತು, ಕೈಯಲ್ಲಿ ವಿದ್ಯೆ ಇತ್ತು. ಬೇಕಾಗಿದ್ದುದು ನಿಮ್ಮ ಒಪ್ಪಿಗೆ ಮಾತ್ರ. ಯುದ್ಧದ ಗಾಯಾಳು ಎಂದು ಒಮ್ಮೆ ದಾಖಲಾದವರನ್ನು ನಿಮ್ಮ ಒಪ್ಪಿಗೆಯಿಲ್ಲದೆ ಆ ಮೇಜಿನ ಮೇಲೆ ಮಲಗಿಸುವ ಹಾಗಿಲ್ಲವಂತೆ.

ವಸಂತ ಕಾಲದಲ್ಲಿ ನಿಮ್ಮ ಮುಂದೆ ಬಂದೆವು. ನಿಮಗೆ ನೆನಪಿರಲಾರದು, ನೆನಪು ಮಾಡಿಕೊಡುತ್ತೇನೆ. ರಫಲ್ ಹಬ್ಬದ ನೀಲಿ ಅಂಗಿ ಹಾಕಿದ್ದಳು. ಕೃತಕ ಕಾಲನ್ನು ಹಾಕಲಾಗದೆ ಊರುಗೋಲು ಹಿಡಿದು ಬಂದಿದ್ದಳು. ನೀವು ಚಹಾಕ್ಕೆ ಸಕ್ಕರೆ ಕಲಕುತ್ತಿದ್ದಿರಿ. ಒಳ್ಳೆಯ ನಗು ನಿಮ್ಮದು, ಅದನ್ನು ಒಪ್ಪುತ್ತೇನೆ. ಆ ನಗು ನಗುತ್ತಲೇ ಕೇಳಿದಿರಿ:

“ಹೇಗಿದೀಯಮ್ಮಾ ಮಗಳೇ?”

“ಅಲ್‌ಹಮ್ದುಲಿಲ್ಲಾ, ಚೆನ್ನಾಗಿದೀನಿ” ಎಂದಳು ರಫಲ್.

“ನೀವು ಹೇಗಿದೀರಿ ತಂಗೀ?” ಎಂದು ಶಹ್ಲಾಳನ್ನು ಕೇಳಿದಿರಿ.

“ಅಲ್‌ಹಮ್ದುಲಿಲ್ಲಾ, ಎಲ್ಲಾ ಚೆನ್ನಾಗಿದೀವಿ ಸಾಹೇಬ್ರೇ.”

“ಹಾಜಿ?”

“ಅಲ್‌ಹಮ್ದುಲಿಲ್ಲಾ” ಎಂದೆ ನಾನೂ.

ನೀವು ಮಗುವಿಗೆ ಒಂದು ಮಿಠಾಯಿ ಕೊಟ್ಟಿರಿ, ತಲೆ ಸವರಿದಿರಿ, ಡಾಕ್ಟರ್ ಮುಯಸ್ಸರ್ ಕಳಿಸಿದ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಒಂದು ಕ್ಷಣ ಹಿಡಿದಿರಿ. “ಮಾಶಾಅಲ್ಲಾ, ಚೆನ್ನಾಗಿ ಬೆಳೀತಿದೆ” ಎಂದಿರಿ. ಕಾಲುಚೀಲ ಕಾಲಿನ ಮೇಲೆಯೇ ಉಳಿಯಿತು. ಚಹಾ ಆರುವ ಮೊದಲೇ ನಮ್ಮ ಕೆಲಸ ಮುಗಿದಿತ್ತು.

ತೀರ್ಪು ಕೈಗೆ ಬಂದಾಗ ಮೂರು ವಾಕ್ಯಗಳಿದ್ದವು. ಯುದ್ಧದ ಗಾಯಕ್ಕೆ ಸಂಪೂರ್ಣ ಚಿಕಿತ್ಸೆ ನೀಡಲಾಗಿದೆ. ಈಗ ಕಂಡುಬಂದಿರುವುದು ಮಕ್ಕಳಲ್ಲಿ ಸಹಜವಾದ ಎಲುಬಿನ ಬೆಳವಣಿಗೆ. ರೋಗಿಯೂ ಜೊತೆಗಿದ್ದವರೂ ತಾವು ಆರೋಗ್ಯವಾಗಿರುವುದಾಗಿ ತಿಳಿಸಿದ್ದಾರೆ.

ಮಾನ್ಯರೇ, ನೀವು ಯಾವ ಊರಿನವರು? ನಿಮ್ಮ ತಾಯಿ ಯಾವ ಊರಿನವರು? ಈ ಊರಿನಲ್ಲಿ ‘ಹೇಗಿದ್ದೀಯ’ ಎಂದು ಕೇಳಿದರೆ ‘ನೋವಿದೆ’ ಎಂದು ಯಾರಾದರೂ ಹೇಳುವುದನ್ನು ಹುಟ್ಟಿದಾಗಿನಿಂದ ಒಮ್ಮೆಯಾದರೂ ಕೇಳಿದ್ದೀರಾ? ನಮ್ಮ ಓಣಿಯಲ್ಲಿ ಉಪ್ಪಿನಕಾಯಿ ಮಾರುವ ಹಾಝಿಮ್ ಎಂಬುವನಿದ್ದಾನೆ. ಯುದ್ಧದಲ್ಲಿ ಅವನ ಮನೆ ಅವನ ಮೇಲೆಯೇ ಕುಸಿಯಿತು. ನಾವೆಲ್ಲ ಕೈಯಲ್ಲಿ ಕಲ್ಲು ತೆಗೆದು ತೆಗೆದು ಒಂದು ಕಿಂಡಿ ಮಾಡಿದೆವು. ಅದರಲ್ಲಿ ಬಾಯಿಟ್ಟು ನಾನು ಕೂಗಿದೆ: “ಹಾಝಿಮ್, ಹೇಗಿದೀಯೋ?” ಒಳಗಿನಿಂದ ಧ್ವನಿ ಬಂತು: “ಅಲ್‌ಹಮ್ದುಲಿಲ್ಲಾ, ಚೆನ್ನಾಗಿದೀನಿ ದನ್ನೂನ್ ಅಣ್ಣಾ. ನಿಮ್ಮನೇಲಿ ಎಲ್ಲಾ ಹೇಗಿದಾರೆ?” ಪಕ್ಕೆಲುಬು ಮುರಿದಿತ್ತು, ಭುಜ ಕಳಚಿತ್ತು, ಬಾಯಿ ತುಂಬ ಮಣ್ಣಿತ್ತು. ಅಲ್ಲಿ ನನ್ನ ಬದಲು ನೀವಿದ್ದಿದ್ದರೆ, ರೋಗಿ ಆರೋಗ್ಯವಾಗಿರುವುದಾಗಿ ತಿಳಿಸಿದ್ದಾನೆ ಎಂದು ಬರೆದುಕೊಂಡು ಕಿಂಡಿ ಮುಚ್ಚಿಸುತ್ತಿದ್ದಿರಿ, ಅಲ್ಲವೇ?

ದೇವರಿಗೆ ಸ್ತುತಿ ಎನ್ನುವ ಆ ಮಾತು ನಮಗೆ ವರದಿಯಲ್ಲ, ಮರ್ಯಾದೆ. ಕೇಳಿದವರ ಮರ್ಯಾದೆ ಉಳಿಸಲು, ದೇವರ ಮರ್ಯಾದೆ ಉಳಿಸಲು ಹೇಳುವ ಮಾತು. ನಿಮ್ಮ ಮನೆಯಲ್ಲಿಯೂ ಹಾಗೆಯೇ ಹೇಳುತ್ತಾರೆ. ನಿಮ್ಮ ಹೆಂಡತಿ ಹೆರಿಗೆ ಕೋಣೆಯಲ್ಲಿ ಇದ್ದಾಗಲೂ ಬಾಗಿಲಾಚೆಯಿಂದ ಕೇಳಿದ ನಿಮಗೆ ಹಾಗೆಯೇ ಉತ್ತರಿಸಿರುತ್ತಾಳೆ. ಆಗ ನೀವು ಸೂಲಗಿತ್ತಿಯನ್ನು ಮನೆಗೆ ಕಳಿಸಿಬಿಟ್ಟಿರಾ? ನಿಮಗೆ ಇದು ಗೊತ್ತಿಲ್ಲದ ಸಂಗತಿಯಲ್ಲ. ಗೊತ್ತಿದ್ದೂ ಬರೆದುಕೊಂಡಿರಿ. ನನಗೆ ಹೊಟ್ಟೆ ಉರಿಯುವುದು ಅದಕ್ಕೇ.

ಇನ್ನು ಸಹಜವಾದ ಬೆಳವಣಿಗೆಯ ವಿಚಾರ. ಭೇಷ್! ಬಾಂಬು ಮನುಷ್ಯರದ್ದು, ಬೆಳವಣಿಗೆ ದೇವರದ್ದು, ಆದ್ದರಿಂದ ದೇವರ ಹತ್ತಿರ ಹೋಗಿ ಕೇಳಿಕೊಳ್ಳಿ ಎಂಬುದು ನಿಮ್ಮ ವಾದ. ನಾನು ವೈದ್ಯನಲ್ಲ, ಕೊಡೆಯ ಕೆಳಗೆ ಕೂತವನು, ಆದರೂ ಒಂದು ಪ್ರಶ್ನೆ ಕೇಳುತ್ತೇನೆ. ರಫಲ್‌ಳಿಗೆ ಎಡಗಾಲೂ ಇದೆ. ಅದರಲ್ಲಿಯೂ ಇದೇ ಎಲುಬು ಇದೆ, ಅದೂ ಬೆಳೆಯುತ್ತಿದೆ, ಅದೇ ರಕ್ತ, ಅದೇ ಅನ್ನ. ಆ ಕಾಲಿನ ಎಲುಬು ಯಾಕೆ ಚರ್ಮ ಹರಿದುಕೊಂಡು ಹೊರಗೆ ಬಂದಿಲ್ಲ? ನಿಮ್ಮ ಮಕ್ಕಳಲ್ಲಿ ಯಾರಿಗಾದರೂ ಹಾಗೆ ಬಂದಿದೆಯೇ? ಬಂದಿದ್ದರೆ ‘ಮಾಶಾಅಲ್ಲಾ’ ಎಂದು ಮಿಠಾಯಿ ಹಂಚಿದಿರಾ? ಆ ಬಾಂಬು ಇಲ್ಲದಿದ್ದರೆ ಈ ಮೊನೆ ಇರುತ್ತಿರಲಿಲ್ಲ. ಬಾಂಬು ಒಂದೇ ಸಲ ಸಿಡಿಯಿತು ಎಂದು ನೀವು ತಿಳಿದಿದ್ದೀರಿ. ಮಗುವಿನ ಕಾಲಿನಲ್ಲಿ ಅದು ಅವಳು ಬೆಳೆಯುವಷ್ಟು ಕಾಲವೂ ಕೆಲಸ ಮಾಡುತ್ತಲೇ ಇರುತ್ತದೆ.

‘ಒಂದು ಗಾಯಕ್ಕೆ ಒಂದು ಚಿಕಿತ್ಸೆ’ ಎಂಬುದು ನಿಮ್ಮ ನಿಯಮವಂತೆ. ನಲವತ್ತು ವರ್ಷದ ಗಂಡಸರನ್ನು ಮನಸ್ಸಿನಲ್ಲಿಟ್ಟುಕೊಂಡು ಯಾರೋ ಬರೆದ ನಿಯಮ ಅದು. ಅವರ ಕಾಲು ಕತ್ತರಿಸಿದರೆ ಕತ್ತರಿಸಿದಷ್ಟೇ ಇರುತ್ತದೆ. ಮಕ್ಕಳ ವಿಷಯ ಹಾಗಲ್ಲ ಎಂದು ಹೆತ್ತ ಯಾವ ತಾಯಿಗೂ ಗೊತ್ತು. ಹೋದ ಹಬ್ಬದ ಅಂಗಿ ಈ ಹಬ್ಬಕ್ಕೆ ಬರುವುದಿಲ್ಲ, ದರ್ಜಿಯವನು ಅಂಚು ಬಿಚ್ಚಿ ಉದ್ದ ಮಾಡಿಕೊಡುತ್ತಾನೆ. ಅವನು ಯಾವತ್ತೂ, ‘ನಿಮ್ಮ ಮಗಳಿಗೆ ಒಂದು ಸಲ ಅಂಗಿ ಹೊಲಿದಾಗಿದೆ, ಇನ್ನು ಬೆಳೆದದ್ದು ಅವಳ ತಪ್ಪು’ ಎಂದು ಬಾಗಿಲು ಹಾಕಿದ್ದಿಲ್ಲ. ಸರ್ಕಾರಕ್ಕಿಂತ ನಮ್ಮ ದರ್ಜಿಗೆ ಮಕ್ಕಳ ಬಗ್ಗೆ ಹೆಚ್ಚು ತಿಳಿದಿದ್ದರೆ ನಾನು ಏನು ಮಾಡಲಿ?

ನೀವು ಹೇಳಿದ್ದನ್ನು ನಂಬಿ ಮಕ್ಕಳ ಆಸ್ಪತ್ರೆಗೂ ಹೋದೆವು. ಸಹಜ ಬೆಳವಣಿಗೆಯಾದರೆ ಅವರದ್ದೇ ಕೆಲಸ ತಾನೆ? ಅಲ್ಲಿನವರು ನಿಮ್ಮ ತೀರ್ಪು ಓದಿ ನಕ್ಕರು. “ಬಾಂಬಿಗೆ ಹೋದ ಕಾಲು ಹಾಜಿ, ಇದು ಯುದ್ಧದ ಗಾಯ. ಸಮಿತಿಯೋರು ಮಾಡ್ಬೇಕು, ನಾವು ಮುಟ್ಟಂಗಿಲ್ಲ” ಎಂದರು. ನಿಮ್ಮ ಹತ್ತಿರ ಬಂದರೆ ಅವಳು ಬೆಳೆಯುವ ಮಗು, ಅವರ ಹತ್ತಿರ ಹೋದರೆ ಯುದ್ಧದ ಗಾಯಾಳು. ಎರಡೂ ಅವಳೇ ಎಂದು ಒಪ್ಪುವ ಒಂದು ಕಟ್ಟಡ ಈ ಊರಿನಲ್ಲಿಲ್ಲ. ಊರುಗೋಲು ಹಿಡಿದ ಮಗುವನ್ನು ಬೇಸಿಗೆ ಪೂರ್ತಿ ನದಿಯ ಆ ದಡದಿಂದ ಈ ದಡಕ್ಕೆ, ಈ ದಡದಿಂದ ಆ ದಡಕ್ಕೆ ಅಲೆಸಿದೆವು.

ಮೊದಲ ತೀರ್ಪು ಬಂದ ದಿನ ಮಿನಿಬಸ್ಸಿನಲ್ಲಿ ನಾನು ಅವಳ ಮೇಲೆ ರೇಗಿದೆ. “ಯಾಕೇ, ನೋವಿದೆ ಅಂತ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿಂಗೆ?”

“ನೀವೂ ಹೇಳ್ಲಿಲ್ಲವಲ್ಲ ತಾತ” ಎಂದಳು. “ದೊಡ್ಡೋರು ಹೇಗಿದೀಯ ಅಂತ ಕೇಳಿದ್ರೆ ನೋವು ಗೀವು ಅಂತ ಅನ್ನಬಾರ್ದು. ಅಜ್ಜಿ ಬೈತಾಳೆ, ಟೀಚರ್ ಬೈತಾರೆ, ಎಲ್ಲಾರೂ ಬೈತಾರೆ. ಈಗ ಅಂದಿಲ್ಲ ಅಂತ ನೀವು ಬೈತಿದೀರ.”

ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿ, “ಮಗು ಸರಿಯಾಗೇ ಹೇಳ್ತಿದೆ ಹಾಜಿ” ಎಂದಳು.

ಮೇಲ್ಮನವಿ ಹಾಕಿದೆ. ಈ ಸಲ ಅವಳನ್ನು ತಯಾರು ಮಾಡಿಯೇ ಕರೆದೊಯ್ಯಬೇಕು ಎಂದುಕೊಂಡೆವು. ಒಂದು ಶುಕ್ರವಾರ ಮಧ್ಯಾಹ್ನ, ನಮ್ಮ ಮನೆಯ ಒಳಕೋಣೆಯಲ್ಲಿ, ನಾನು ನೀವಾದೆ. ಮೂಗಿನ ತುದಿಗೆ ಕನ್ನಡಕ ಇಳಿಸಿ, ಚಹಾ ಲೋಟದಲ್ಲಿ ಚಮಚ ಗಣಗಣ ಅಲ್ಲಾಡಿಸುತ್ತ ಕೂತೆ. ರಫಲ್ ಊರುಗೋಲು ಹಿಡಿದು ಬಾಗಿಲಿನಿಂದ ಬಂದಳು.

“ಹೇಗಿದೀಯಮ್ಮಾ ಮಗಳೇ?”

“ಅಲ್‌ಹಮ್ದುಲಿಲ್ಲಾ, ಚೆನ್ನಾಗಿ...” ಎಂದವಳೇ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. “ಥೂ! ಬಾಯಿ ತಾನಾಗ್ ತಾನೇ ಹೇಳ್ಬಿಡುತ್ತೆ ತಾತ.”

“ಇನ್ನೊಂದ್ಸಲ. ಹೇಗಿದೀಯಮ್ಮಾ?”

“ಅಲ್‌ಹಮ್ದು...”

“ಅದನ್ನ ಬಿಟ್ಟು ಹೇಳೇ!”

“ಬಿಟ್ಟು ಹೇಗ್ ಹೇಳೋದು? ಸಲಾಮ್ ಹೇಳ್ದೆ ಯಾರ್ದೋ ಮನೆಗೆ ನುಗ್ಗಿದ ಹಾಗಾಗಲ್ವಾ?”

ಮಾಂಸ ತುಂಬಿ ಕುಬ್ಬ ತಟ್ಟುತ್ತಿದ್ದ ಶಹ್ಲಾ ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. “ಅಪ್ಪಾ, ದಮ್ಮಯ್ಯ, ಆ ಮಾತು ಮಾತ್ರ ಬಿಡಿಸ್ಬೇಡಿ. ಇರೋ ಕಾಲಿಗೂ ಏನಾದ್ರೂ ಆದ್ರೆ ಏನ್ ಮಾಡ್ಲಿ ನಾನು?” ಕಾಲು ಕಳೆದುಕೊಂಡ ಮಗುವಿನ ತಾಯಿ ಅವಳು, ಉಳಿದದ್ದನ್ನು ಆ ಒಂದು ಮಾತು ಕಾಯುತ್ತಿದೆ ಎಂದು ನಂಬಿಕೊಂಡಿದ್ದಾಳೆ. ಅವಳನ್ನು ನೋಡಿ ನಗಲು ನನಗೆ ಮನಸ್ಸು ಬರಲಿಲ್ಲ.

ಸಬೀಹಾ ಮೂಲೆಯಿಂದ ಬಾಯಿ ಹಾಕಿದಳು: “ಲೇ ಶಹ್ಲಾ, ಸ್ತುತಿ ದೇವರಿಗೆ, ನೋವು ಡಾಕ್ಟ್ರಿಗೆ. ಇಬ್ಬರಿಗೂ ಒಂದೇ ಉತ್ತರ ಕೊಟ್ರೆ ಹೇಗೆ? ಆ ಅಧ್ಯಕ್ಷ ತಾನೇ ದೇವರು ಅಂದ್ಕೊಂಡಿದ್ರೆ ಅದು ಅವನ ಹಣೆಬರಹ.”

ರಫಲ್ ನನ್ನ ಮುಂದೆ ನೆಟ್ಟಗೆ ನಿಂತು, “ಹೀಗೆ ಹೇಳ್ಲಾ? ಅಲ್‌ಹಮ್ದುಲಿಲ್ಲಾ, ತುಂಬಾ ನೋವಿದೆ” ಎಂದಳು. ಎಲ್ಲರೂ ನಕ್ಕೆವು. ಸಬೀಹಾ ನಗುತ್ತ ನಗುತ್ತಲೇ ತಲೆವಸ್ತ್ರದ ಅಂಚಿನಿಂದ ಕಣ್ಣೊರೆಸಿಕೊಂಡಳು. ದೇವರಿಗೂ ಸಲ್ಲುವ, ಸಮಿತಿಗೂ ಸಲ್ಲುವ ವಾಕ್ಯ. ಇಷ್ಟು ವರ್ಷ ಅರ್ಜಿ ಬರೆದ ನನಗೆ ಹೊಳೆಯದ ವಾಕ್ಯವನ್ನು ಮಗು ಕಟ್ಟಿಕೊಟ್ಟಿತು ಎಂದು ಹೆಮ್ಮೆಪಟ್ಟೆ. ನಿಮ್ಮ ಮುಂದೆ ಅದು ನಿಲ್ಲುತ್ತದೆ ಎಂದು ನಂಬಿದೆ.

ಎರಡನೆಯ ಸಲ ನೀವು ಅದೇ ನಗುವಿನಿಂದ ಅದೇ ಪ್ರಶ್ನೆ ಕೇಳಿದಿರಿ. ಅವಳು ಕಲಿತದ್ದನ್ನು ತಪ್ಪಿಲ್ಲದೆ ಹೇಳಿದಳು. ನೀವು ಪಕ್ಕದಲ್ಲಿ ಕೂತಿದ್ದ ಸದಸ್ಯರ ಕಡೆ ನೋಡಿ ಜೋರಾಗಿ ನಕ್ಕಿರಿ.

“ಮಾಶಾಅಲ್ಲಾ! ಏನ್ ಚೂಟಿ ಹುಡುಗಿ! ಯಾರಮ್ಮಾ ಹೇಳ್ಕೊಟ್ಟಿದ್ದು ಹೀಗನ್ನು ಅಂತ?”

ಸುಳ್ಳು ಹೇಳಲು ನಾವು ಅವಳಿಗೆ ಕಲಿಸಿರಲಿಲ್ಲ. “ತಾತ” ಎಂದಳು.

“ಹಾಜಿ, ಅರ್ಜಿ ಬರೆಯೋದು ನಿಮ್ಮ ಕಸುಬು, ಗೊತ್ತು ನಂಗೆ. ಮಗೂ ಬಾಯಲ್ಲೂ ಅರ್ಜಿ ಬರೀಬೇಡಿ” ಎಂದಿರಿ ನೀವು.

“ಸಾಹೇಬ್ರೇ, ಕಾಲುಚೀಲ ತೆಗೆದು ಒಂದೇ ಒಂದ್ಸಲ ನೋಡಿ” ಎಂದೆ ನಾನು.

“ನೋಡೋದೇನಿದೆ? ಎಕ್ಸ್‌ರೇ ಇದೆಯಲ್ಲ. ಮಕ್ಕಳ ಎಲುಬು, ಬೆಳೆಯುತ್ತೆ. ಬೆಳೀದಿದ್ರೆ ತಾನೇ ಯೋಚನೆ ಮಾಡ್ಬೇಕು?” ಆಮೇಲೆ ಧ್ವನಿ ತಗ್ಗಿಸಿ, ಆಪ್ತರ ಹಾಗೆ ಹೇಳಿದಿರಿ: “ನಿಮಗೊಬ್ಬರಿಗೆ ಬಾಗಿಲು ತೆಗೆದ್ರೆ ಊರಿನ ಮಕ್ಕಳೆಲ್ಲಾ ಬಂದ್ಬಿಡ್ತಾರೆ ಹಾಜಿ. ಅರ್ಥ ಮಾಡ್ಕೊಳ್ಳಿ.”

ಅರ್ಥವಾಯಿತು, ಮಾನ್ಯರೇ. ಊರಿನ ಮಕ್ಕಳೆಲ್ಲ ಬರುತ್ತಾರೆ ಎಂಬುದು ನಿಮಗೆ ಗೊತ್ತಿದೆ. ಅಂದರೆ ಇಂಥ ಮಕ್ಕಳು ಊರು ತುಂಬ ಇದ್ದಾರೆ ಎಂಬುದೂ ಗೊತ್ತಿದೆ. ಅವರೆಲ್ಲರ ಕಾಲಿನಲ್ಲಿ, ಕೈಯಲ್ಲಿ, ಇದೇ ಮೊನೆ ಬೆಳೆಯುತ್ತಿದೆ, ಅವರೆಲ್ಲರೂ ಯಾರೋ ಕೇಳಿದಾಗ ಚೆನ್ನಾಗಿದ್ದೇನೆ ಎನ್ನುತ್ತಿದ್ದಾರೆ. ಬರಲಿ! ಎಲ್ಲರೂ ಬರಲಿ! ನಿಮ್ಮ ಬಾಗಿಲು ಇರುವುದು ಮತ್ತೆ ಯಾರಿಗೆ? ಬಾಂಬು ಇಟ್ಟವರು, ‘ಒಬ್ಬರಿಗೆ ಬಾಗಿಲು ತೆಗೆದರೆ ಎಲ್ಲರೂ ಬಂದುಬಿಡುತ್ತಾರೆ’ ಎಂದು ಯೋಚಿಸಲಿಲ್ಲ. ಅವರು ಎಲ್ಲರಿಗೂ ತೆರೆದಿಟ್ಟಿದ್ದರು.

ನಿಮ್ಮ ಎರಡನೆಯ ಸಹಿ ಬಿದ್ದ ಆ ದಿನ ಹಿಂದಿರುಗುವಾಗ ರಫಲ್ ಅಳಲಿಲ್ಲ. ಕಿಟಕಿಯ ಹೊರಗೆ ನೋಡುತ್ತ ಕೂತಿದ್ದವಳು ಸೇತುವೆ ದಾಟುವಾಗ ಹೇಳಿದಳು: “ಹೋದ ಸಲ ಚೆನ್ನಾಗಿದೀನಿ ಅಂದೆ, ಮಿಠಾಯಿ ಕೊಟ್ರು. ಈ ಸಲ ನೋವು ಅಂದೆ, ಕೊಡ್ಲಿಲ್ಲ. ನೋಡಿದ್ರಾ ತಾತ?” ನಾನು ನೋಡಿರಲಿಲ್ಲ. ಮಗು ನೋಡಿತ್ತು. ನಿಮ್ಮ ಸಮಿತಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಇಷ್ಟು ಚೊಕ್ಕವಾಗಿ ನನ್ನ ಯಾವ ಅರ್ಜಿಯಲ್ಲಿಯೂ ಬರೆದಿರಲಿಲ್ಲ.

ಹೋದ ವಾರ ಚರ್ಮ ಒಡೆಯಿತು. ಶಹ್ಲಾ ಒಗೆಯಲೆಂದು ಕಾಲುಚೀಲ ತೆಗೆಯಹೋದಾಗ ಅದು ಗಾಯಕ್ಕೆ ಅಂಟಿಕೊಂಡಿತ್ತು. ನೀರು ಹಾಕಿ ನೆನೆಸಿ ಬಿಡಿಸಿದೆವು. ಒಳಗೆ ಬಿಳಿಯದು ಕಾಣಿಸಿತು, ಸೀಸದ ಕಡ್ಡಿಯ ಮೊನೆಯಷ್ಟು. ಮಗುವಿಗೆ ಜ್ವರ ಬಂದಿದೆ, ಗಾಯ ಸೋರುತ್ತಿದೆ. ಡಾಕ್ಟರ್ ಮುಯಸ್ಸರ್ ಮನೆಗೇ ಬಂದು ನೋಡಿದ. ಔಷಧಿಯಿಂದ ಸ್ವಲ್ಪ ದಿನ ತಡೆದು ಹಿಡಿಯುತ್ತೇನೆ, ಹೆಚ್ಚು ದಿನ ಆಗದು ಎಂದ. ಸೋಂಕು ಎಲುಬು ಹಿಡಿದು ಮೇಲಕ್ಕೆ ಹತ್ತಿದರೆ ಮೊಣಕಾಲಿನ ಮೇಲೆ ಕತ್ತರಿಸಬೇಕಾಗುತ್ತದೆ. ಅದನ್ನು ಅವನು ಹೊಸ್ತಿಲಿನ ಆಚೆ ಕರೆದು ನನಗೊಬ್ಬನಿಗೇ ಹೇಳಿದ: “ಮೊಣಕಾಲು ಇದ್ರೆ ಹುಡುಗಿ ಓಡ್ತಾಳೆ ಹಾಜಿ. ಮೊಣಕಾಲು ಹೋದ್ರೆ ನಡೀತಾಳೆ, ಅಷ್ಟೆ. ಅದೂ ಕಷ್ಟಪಟ್ಟು.”

ಆ ಮೊಣಕಾಲು, ಮಾನ್ಯರೇ. ನಾನು ಕೇಳುತ್ತಿರುವುದು ಅದೊಂದನ್ನೇ. ಹೋದ ಪಾದವನ್ನು ವಾಪಸ್ ಕೇಳುತ್ತಿಲ್ಲ, ಬಿದ್ದ ಮನೆಯನ್ನು ಕೇಳುತ್ತಿಲ್ಲ, ಬಾಂಬು ಇಟ್ಟವನು ಯಾರು ಎಂದೂ ಕೇಳುತ್ತಿಲ್ಲ. ಮುದುಕನ ಬಾಯಲ್ಲಿ ಶಾಪ ಇರಬಾರದು ಎನ್ನುತ್ತಾರೆ, ಅದನ್ನೂ ನುಂಗಿಕೊಂಡಿದ್ದೇನೆ. ಆದರೆ ಆ ಮೊಣಕಾಲು ಹೋದರೆ, ಆಗ ಅದನ್ನು ಕಳೆದದ್ದು ಬಾಂಬು ಎಂದು ಯಾರೂ ಹೇಳುವಂತಿಲ್ಲ. ಅದರ ಲೆಕ್ಕ ನಿಮ್ಮ ಹೆಸರಿನಲ್ಲಿ ಬರುತ್ತದೆ, ನಿಮ್ಮ ಚಹಾ ಲೋಟದ ಹೆಸರಿನಲ್ಲಿ ಬರುತ್ತದೆ.

ಮೊನ್ನೆ ರಫಲ್ ಜ್ವರದ ನಡುವೆ ನನ್ನನ್ನು ಕರೆದು ಕೇಳಿದಳು: “ತಾತ, ಮುಂದಿನ ಸಲ ಹೋದಾಗ ಏನು ಅಂತ ಹೇಳ್ಲಿ?” ಚೆನ್ನಾಗಿದ್ದೇನೆ ಎಂದರೆ ಚಿಕಿತ್ಸೆ ಬೇಡ ಎನ್ನುತ್ತೀರಿ. ನೋವಿದೆ ಎಂದರೆ ಬಾಯಿಪಾಠ ಎನ್ನುತ್ತೀರಿ. ಅಕ್ಷರ ಮಾರಿ ಬದುಕಿದ ನನ್ನ ಹತ್ತಿರ ಅವಳಿಗೆ ಕೊಡಲು ಒಂದು ವಾಕ್ಯವೂ ಇರಲಿಲ್ಲ. “ಏನೂ ಹೇಳ್ಬೇಡ ಪುಟ್ಟೀ. ಈ ಸಲ ನಾನು ಹೇಳ್ತೀನಿ” ಎಂದೆ. ಅದಕ್ಕೇ ಈ ಪತ್ರ.

ಈ ಭಾನುವಾರ ನಿಮ್ಮ ಸಮಿತಿ ಸೇರುತ್ತದೆ. ಆ ದಿನವೇ ಡಾಕ್ಟರ್ ಮುಯಸ್ಸರ್‌ಗೆ ಒಪ್ಪಿಗೆ ಕೊಡಿ. ಬೆಳೆಯುವ ಮಕ್ಕಳ ಗಾಯ ಬೆಳವಣಿಗೆ ನಿಲ್ಲುವವರೆಗೂ ಗಾಯವೇ ಎಂದು ನಿಮ್ಮ ನಿಯಮವನ್ನು ತಿದ್ದಿ. ಅದನ್ನು ಸರ್ಕಾರದ ಭಾಷೆಯಲ್ಲಿ ಬರೆಯಲು ಬಾರದಿದ್ದರೆ ನನ್ನ ಕೊಡೆಯ ಕೆಳಗೆ ಬನ್ನಿ, ನಿಮಗೂ ಬರೆದುಕೊಡುತ್ತೇನೆ. ನಾವು ಭಾನುವಾರ ಬೆಳಿಗ್ಗೆ ಬರುತ್ತೇವೆ, ಅವಳನ್ನು ಎತ್ತಿಕೊಂಡೇ ಬರುತ್ತೇವೆ, ಏಕೆಂದರೆ ಅವಳು ಈಗ ಊರುಗೋಲು ಹಿಡಿಯಲಾರಳು. ಹಾಝಿಮ್ ಬರುತ್ತೇನೆ ಎಂದಿದ್ದಾನೆ. ಓಣಿಯವರೂ ಬರುತ್ತಾರಂತೆ. ತಮ್ಮ ತಮ್ಮ ಮಕ್ಕಳನ್ನು ಕರೆದುಕೊಂಡು ಇನ್ನೂ ಯಾರು ಯಾರು ಬರುತ್ತಾರೋ ನನಗೆ ಗೊತ್ತಿಲ್ಲ.

ಕೊನೆಯ ಸಾಲನ್ನು ನೀವು ಓದುತ್ತೀರಿ ಎಂದು ಗೊತ್ತಿರುವುದರಿಂದ ಹೇಳಬೇಕಾದ್ದನ್ನು ಇಲ್ಲಿ ಇಡುತ್ತಿದ್ದೇನೆ: ಭಾನುವಾರ ಅವಳನ್ನು ‘ಹೇಗಿದ್ದೀಯ’ ಎಂದು ಕೇಳಬೇಡಿ, ಕುರ್ಚಿಯಿಂದ ಎದ್ದು ಬಂದು, ನಿಮ್ಮ ಕೈಯಿಂದಲೇ ಅವಳ ಕಾಲುಚೀಲ ತೆಗೆಯಿರಿ.

ಇಂತಿ,
ಅಲ್‌ಹಮ್ದುಲಿಲ್ಲಾ, ಚೆನ್ನಾಗಿಲ್ಲದ
ದನ್ನೂನ್
ನ್ಯಾಯಾಲಯದ ಎದುರಿನ ಅರ್ಜಿ ಬರೆಯುವವನು, ಮೋಸುಲ್